ಬೈರಾಸು ಇಳಿಸಿದ ಹೆಗಲು

ಹೆಗಲ ಮೇಲೆ ಬೈರಾಸು ಇಲ್ಲದೆ ಒಲೆಯ ಮುಂದೆ ನಿಲ್ಲಲು ನನಗೆ ಈಗಲೂ ಸಣ್ಣ ನಾಚಿಕೆ. ಬಿಳಿ ಏಪ್ರನ್ ಉಂಟು, ತಲೆಗೆ ಟೊಪ್ಪಿ ಉಂಟು, ಕಿಸೆಯಲ್ಲಿ ಥರ್ಮಾಮೀಟರ್ ಉಂಟು, ಆದರೂ ಎಡ ಹೆಗಲು ಬೋಳು ಬೋಳು ಅನಿಸುತ್ತದೆ. ಘಟ್ಟದ ಮೇಲಿನ ಓದುಗರಿಗೆ ಬೈರಾಸು ಎಂದರೆ ತೆಳ್ಳಗಿನ ಟವೆಲು ಎಂದರೆ ಅರ್ಥವಾದೀತು, ಅದರ ಮಹಿಮೆ ಮಾತ್ರ ಅರ್ಥವಾಗದು. ಮದುವೆ ಮುಂಜಿಗಳಲ್ಲಿ ಅಡುಗೆ ಮಾಡುವ ನನ್ನಂಥವನಿಗೆ ಅದು ಬೆವರು ಒರೆಸುವ ವಸ್ತ್ರ, ಬಿಸಿ ಕೊಪ್ಪರಿಗೆ ಇಳಿಸುವ ಇಕ್ಕಳ, ನೊಣ ಓಡಿಸುವ ಚಾಮರ, ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಗಲು ತಲೆದಿಂಬು. ಗಡಿನಾಡಿನ ಅಗಲ್ಪಾಡಿಯ ಸುತ್ತಮುತ್ತ ಮೂವತ್ತು ವರ್ಷ ನಾನು ಅಡುಗೆ ಮಾಡಿದ್ದೇನೆ. ಆ ಮೂವತ್ತು ವರ್ಷವೂ ಬೈರಾಸು ನನ್ನ ಹೆಗಲ ಮೇಲೆಯೇ ಇತ್ತು. ಅದನ್ನು ಇಳಿಸಿದ ಕಥೆಯನ್ನೇ ಹೇಳಹೊರಟಿದ್ದೇನೆ.

ನನ್ನ ತಂಗಿ ಸುಮತಿಗೆ ಒಬ್ಬಳೇ ಮಗಳು, ಅಪರ್ಣಾ. ಅವಳಿಗೆ ಹೆಸರಿಟ್ಟ ಬಾರಸೆಗೆ ಅಡುಗೆ ಮಾಡಿದವನು ನಾನು. ಪ್ರತಿ ಹುಟ್ಟುಹಬ್ಬಕ್ಕೆ ಹೋಳಿಗೆ ತಟ್ಟಿದವನು ನಾನು. ಅವಳ ಮದುವೆಯ ಪಾಯಸಕ್ಕೆ ಯಾವ ಬೆಲ್ಲ ಎಂದು ಅವಳು ಒಂಬತ್ತನೆಯ ಕ್ಲಾಸಿನಲ್ಲಿ ಇರುವಾಗಲೇ ನಾನು ತೀರ್ಮಾನ ಮಾಡಿ ಇಟ್ಟಿದ್ದೆ. ಮದುವೆ ನಿಶ್ಚಯವಾಯಿತು. ಬೋವಿಕಾನದ ಹತ್ತಿರದ ಹೊಸ ಸಭಾಭವನ ಗೊತ್ತಾಯಿತು. ಭವನದವರು ಒಂದು ಕಾಗದ ಕೊಟ್ಟರು. ಅವರ ಅಡುಗೆಮನೆಯ ಜವಾಬ್ದಾರಿ ಹೊರುವವರು ಆಹಾರ ಸುರಕ್ಷೆಯ ನಿರ್ವಹಣೆಯಲ್ಲಿ ಪರೀಕ್ಷೆ ಪಾಸಾಗಿರಬೇಕು, ಸರ್ಟಿಫಿಕೇಟಿನ ನಕಲು ಮೊದಲೇ ಕೊಡಬೇಕು ಎಂದು ಅದರಲ್ಲಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಪರೀಕ್ಷೆಯ ಹಾಲ್ ಕಂಡವನಲ್ಲ. ಆದರೂ ಸ್ವಂತ ತಂಗಿಯ ಮಗಳ ಮದುವೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು, ಬೇರೆಯವರು ಮಾಡಿದ ಸಾರನ್ನು ಎಲೆಯ ಮುಂದೆ ಕೂತು ಸೊರ್ರೆಂದು ಹೀರುವುದನ್ನು ನೆನೆಸಿಕೊಂಡೆ. ಅದಕ್ಕಿಂತ ಪರೀಕ್ಷೆಯೇ ಸುಲಭ ಎಂದು ಕಂಡಿತು.

ಕ್ಲಾಸು ಮಂಗಲ್ಪಾಡಿಯಲ್ಲಿ, ಶನಿವಾರ ಮತ್ತು ಆದಿತ್ಯವಾರ. ಕಲಿಸುವವರು ನಸೀಮಾ ಟೀಚರ್. ನನ್ನ ತಂಗಿಗಿಂತ ಚಿಕ್ಕವರು, ಕನ್ನಡ ಮೀಡಿಯಂನಲ್ಲಿ ಓದಿದವರು, ಆಮೇಲೆ ಸೂಕ್ಷ್ಮಜೀವಿಗಳ ವಿಷಯದಲ್ಲಿ ದೊಡ್ಡ ಡಿಗ್ರಿ ಮಾಡಿದವರು. ಪುಸ್ತಕ ಇಂಗ್ಲಿಷಿನದು, ಪಕ್ಕದಲ್ಲಿ ಕೂತ ಬೇಕರಿಯವರ ಸಂಶಯ ಮಲಯಾಳದ್ದು, ಟೀಚರರ ಬೈಗುಳ ಕನ್ನಡದ್ದು. ಹಾಗಾಗಿ ಎಲ್ಲ ಚೆನ್ನಾಗಿ ಅರ್ಥವಾಗುತ್ತಿತ್ತು.

ಮೊದಲ ದಿನ ಕಲಿತದ್ದು, ಐದು ಡಿಗ್ರಿಗೂ ಅರವತ್ತು ಡಿಗ್ರಿಗೂ ನಡುವೆ ಇರುವ ಊಟವೆಲ್ಲ ಅಪಾಯದ ವಲಯದಲ್ಲಿದೆ ಎಂದು. ಬಿಸಿಯದ್ದು ಬಿಸಿಯಾಗಿಯೇ ಇರಬೇಕು, ತಣ್ಣಗಿನದ್ದು ತಣ್ಣಗೇ ಇರಬೇಕು, ನಡುವೆ ಬಿದ್ದದ್ದರಲ್ಲಿ ಕ್ರಿಮಿಗಳಿಗೆ ಜಾತ್ರೆ. ನನಗೆ ಐವತ್ತನಾಲ್ಕು. ಈ ಲೆಕ್ಕದಲ್ಲಿ ನಾನೂ ಇನ್ನು ಆರು ವರ್ಷ ಅಪಾಯದ ವಲಯದಲ್ಲೇ ಇರುವವನು ಎಂದು ಮನೆಗೆ ಬಂದು ಹೆಂಡತಿ ಶಾರದೆಗೆ ಹೇಳಿದೆ. ಅದು ತನಗೆ ಮದುವೆಯಾದ ದಿನದಿಂದಲೇ ಗೊತ್ತುಂಟು ಎಂದಳು.

ಒಂದು ಕಚ್ಚಾ ಪದಾರ್ಥ ಮುಟ್ಟಿದ ಕೈಯಿಂದ, ಚಮಚದಿಂದ, ಹಲಗೆಯಿಂದ ಇನ್ನೊಂದಕ್ಕೆ ರೋಗ ದಾಟುವ ಬಗೆಯನ್ನು ಟೀಚರ್ ಒಂದು ಇಡೀ ಬೆಳಿಗ್ಗೆ ವಿವರಿಸಿದರು. ನಾನು ಎದ್ದು ನಿಂತು, ನಮ್ಮಲ್ಲಿ ಅದಕ್ಕೆ ಮುಸುರೆ ಎಂಬ ಒಂದೇ ಶಬ್ದ ಸಾಕು ಎಂದೆ. ನಮ್ಮ ಅಜ್ಜಿ ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಭರಣಿಯ ಹತ್ತಿರ ಹೋಗಲು ಯಾರನ್ನೂ ಬಿಟ್ಟವರಲ್ಲ. ಟೀಚರ್ ಖುಷಿಯಾಗಿ ಆ ಶಬ್ದವನ್ನು ಬೋರ್ಡಿನ ಮೇಲೆ ಬರೆದರು. ಅಜ್ಜಿ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ ಅಂದುಕೊಂಡೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಇನ್ನೊಂದೂ ನೆನಪಾಯಿತು. ಅದೇ ಅಜ್ಜಿಯ ಅಡುಗೆಮನೆಯ ಹೊಸಿಲನ್ನು ಈ ಟೀಚರ್ ದಾಟುವ ಹಾಗಿರಲಿಲ್ಲ. ಅಜ್ಜಿಯ ಮಡಿ ಮುಟ್ಟಿದ್ದು ಯಾರು ಎಂದು ಕೇಳುತ್ತಿತ್ತು, ಟೀಚರರ ಪುಸ್ತಕ ಮುಟ್ಟಿದ್ದು ಏನನ್ನು ಎಂದು ಕೇಳುತ್ತದೆ. ಈ ವ್ಯತ್ಯಾಸವನ್ನು ನಾನು ಪರೀಕ್ಷೆಯಲ್ಲಿ ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ.

ಲಿಖಿತ ಪರೀಕ್ಷೆ ಸಲೀಸಾಗಿ ಪಾಸಾದೆ. ಪ್ರಾಯೋಗಿಕ ಪರೀಕ್ಷೆಯಲ್ಲಂತೂ ನನ್ನನ್ನು ಹಿಡಿಯುವವರೇ ಇಲ್ಲ ಎಂಬ ಧೈರ್ಯ. ಪರೀಕ್ಷೆಯಲ್ಲವೇ ಎಂದು ಹೊಸ ಪಂಚೆ ಉಟ್ಟೆ, ಬೆಳಿಗ್ಗೆಯೇ ಒಗೆದು ಒಣಗಿಸಿದ ಬೈರಾಸನ್ನು ಏಪ್ರನಿನ ಮೇಲೆ ಮರ್ಯಾದೆಗೆ ಹಾಕಿಕೊಂಡೆ. ಸೌತೆಕಾಯಿ ಸಾಂಬಾರು ಮಾಡಲು ಹೇಳಿದರು. ಹೊರಗಿನಿಂದ ಬಂದ ಪರೀಕ್ಷಕರು ಕೈ ಕಟ್ಟಿಕೊಂಡು ನೋಡುತ್ತಿದ್ದರು. ಉಳಿದವರೆಲ್ಲ ಸೌಟಿನಿಂದ ಅಂಗೈಗೆ ಹನಿಸಿ ರುಚಿ ನೋಡಿ, ಅದೇ ಸೌಟನ್ನು ಪಾತ್ರೆಗೆ ಹಾಕಿ ಅಂಕ ಕಳೆದುಕೊಂಡರು. ನಮ್ಮ ಕ್ರಮದಲ್ಲಿ ಬಡಿಸುವ ಮೊದಲು ಅಡುಗೆಯವನು ರುಚಿ ನೋಡುವುದೇ ಇಲ್ಲ; ದೇವರಿಗೆ ನೈವೇದ್ಯ ಆಗದೆ ನಾಲಿಗೆಗೆ ಇಲ್ಲ. ಉಪ್ಪು ಸಾಕೇ ಎಂದು ಆವಿಯ ಪರಿಮಳ ಹೇಳುತ್ತದೆ. ನಾನು ಬಗ್ಗಿ, ಒಂದು ಸಲ ಮೂಗಿಗೆ ಆವಿ ಎಳೆದುಕೊಂಡು, ಸರಿಯುಂಟು ಎಂದೆ. ಪರೀಕ್ಷಕರು ಬೇರೆ ಚಮಚದಲ್ಲಿ ತೆಗೆದು ರುಚಿ ನೋಡಿ ಮೆಚ್ಚಿ ತಲೆದೂಗಿದರು. ಥರ್ಮಾಮೀಟರು ತೊಂಬತ್ತಾರು ತೋರಿಸಿತು. ನನಗೆ ಆಗಲೇ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದ ಹಾಗಾಯಿತು.

ಆ ಸಂತೋಷದಲ್ಲಿ ಕೈ ತಾನಾಗಿ ಹೆಗಲಿಗೆ ಹೋಯಿತು. ಬೈರಾಸು ಎಳೆದೆ, ಹಣೆ ಒರೆಸಿಕೊಂಡೆ, ಅದೇ ಬೈರಾಸಿನಲ್ಲಿ ಬಡಿಸುವ ಸೌಟನ್ನು ಚಂದಕ್ಕೆ ಒಮ್ಮೆ ಒರೆಸಿ ಪಾತ್ರೆಗೆ ಇಳಿಸಿದೆ. ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು.

ಫೇಲಾದದ್ದು ನಾನೊಬ್ಬನೇ. ನಾನು ಟೀಚರರ ಹತ್ತಿರ ಜಗಳಕ್ಕೇ ಹೋದೆ. ಬೈರಾಸು ಬೆಳಿಗ್ಗೆ ಒಗೆದದ್ದು, ಮಡಿಯದ್ದು, ಅದಕ್ಕೆ ಕೊಳೆ ಎನ್ನುವುದು ಅನ್ಯಾಯ ಎಂದೆ. ಟೀಚರ್ ವಾದ ಮಾಡಲಿಲ್ಲ. ಬೈರಾಸಿನ ಒಂದು ತುದಿಯನ್ನು ಗಾಜಿನ ಬಟ್ಟಲಿನಲ್ಲಿ ಕ್ರಿಮಿ ಬೆಳೆಸಲು ಇಟ್ಟಿದ್ದ ಗಂಜಿಯಂಥ ಪದಾರ್ಥಕ್ಕೆ ಒತ್ತಿ, ಮುಚ್ಚಿ, ಎರಡು ದಿನ ಬಿಟ್ಟು ಬನ್ನಿ ಎಂದರು. ಎರಡು ದಿನ ಬಿಟ್ಟು ಹೋದಾಗ ಬಟ್ಟಲಿನ ತುಂಬ ಬಿಳಿ, ಹಳದಿ, ಕಿತ್ತಳೆ ಬಣ್ಣದ ಚುಕ್ಕಿಗಳು ಎದ್ದಿದ್ದವು.

"ಬೆಳಿಗ್ಗೆ ಒಗೆದದ್ದು ಹೌದು ಭಟ್ರೇ," ಎಂದರು ಟೀಚರ್, "ಆಮೇಲೆ ಅದರಲ್ಲಿ ಎಷ್ಟು ಸಲ ಮುಖ ಒರೆಸಿದ್ರಿ?"

ಮೂವತ್ತು ವರ್ಷ ಬೈರಾಸನ್ನು ಶುದ್ಧ ಎಂದು ನಂಬಿದವನು, ಆ ಚುಕ್ಕಿಗಳನ್ನು ಎಷ್ಟು ಎಲೆಗಳಿಗೆ ಬಡಿಸಿದ್ದೇನೋ. ಆ ದಿನ ನಿಜಕ್ಕೂ ನಾಚಿಕೆಯಾಯಿತು. ಸರ್ಟಿಫಿಕೇಟಿನ ವಿಷಯ ಮರೆತೇ ಹೋಯಿತು.

ನೆನಪಿಸಿದವಳು ಸುಮತಿ. ಗಂಡಿನ ಕಡೆಯವರು ಮಂಗಳೂರಿನ ಕ್ಯಾಟರಿಂಗಿನವರ ಹೆಸರು ಹೇಳುತ್ತಿದ್ದರಂತೆ. "ಅಣ್ಣ, ಮೂರು ವಾರ ನಾನು ಹೇಗಾದರೂ ತಡೀತೇನೆ," ಎಂದಳು ಫೋನಿನಲ್ಲಿ, "ಆಮೇಲೆ ನನ್ನ ಕೈಯಲ್ಲಿ ಇಲ್ಲ." ಮರುಪರೀಕ್ಷೆಗೂ ಸರಿಯಾಗಿ ಮೂರು ವಾರ ಇತ್ತು.

ಶಾರದೆ ಆ ದಿನವೇ ಮನೆಯಲ್ಲಿದ್ದ ಬೈರಾಸುಗಳನ್ನೆಲ್ಲ ಒಟ್ಟು ಮಾಡಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಆದರೆ ಬೈರಾಸು ಹೋದರೂ ಕೈ ಹೋಗುವುದು ನಿಲ್ಲಲಿಲ್ಲ. ಅನ್ನ ಬಾಗಿಸಿ ಗಂಜಿ ಬಸಿಯುವಾಗ, ದೋಸೆ ಮಗುಚುವಾಗ, ಬರೇ ಪೇಪರು ಓದುವಾಗಲೂ ಬಲಗೈ ಎಡ ಹೆಗಲಿಗೆ ಏರಿ, ಏನೂ ಸಿಗದೆ ಇಳಿಯುತ್ತಿತ್ತು. ಹಾಗೆ ಏರಿದಾಗಲೆಲ್ಲ ಶಾರದೆ ಎಲ್ಲಿದ್ದರೂ ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸುತ್ತಿದ್ದಳು. ಮೊದಲ ದಿನ ನಲವತ್ತೊಂದು. ಎರಡನೆಯ ವಾರ ಹನ್ನೆರಡು. ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಬೇಕರಿಯವರು ಒಮ್ಮೆ ಮನೆಗೆ ಬಂದವರು ಇದೆಂತ ಮಾರಾಯ್ರೇ, ಮನೆಯಲ್ಲಿ ಹರಾಜು ನಡೀತಾ ಉಂಟಾ ಎಂದು ಕೇಳಿದರು. ಮರುಪರೀಕ್ಷೆಯ ಹಿಂದಿನ ದಿನ ಶಾರದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ತೆರೆಯಲಿಲ್ಲ. ಮದುವೆಯಾದಂದಿನಿಂದ ಅವಳು ನನಗೆ ಕೊಟ್ಟ ಅತಿ ದೊಡ್ಡ ಪ್ರಶಂಸೆ ಅದೇ.

ಪಾಸಾದೆ. ಸರ್ಟಿಫಿಕೇಟು ಕೈಗೆ ಕೊಡುವಾಗ ಟೀಚರ್ ಒಂದು ಮಾತು ಹೇಳಿದರು. ಅಡುಗೆಮನೆಯಲ್ಲಿ ಕೈ ತೊಳೆದಾಗಲೆಲ್ಲ ಪಟ್ಟಿಯಲ್ಲಿ ಸಮಯ, ಹೆಸರು, ಕಾರಣ ಬರೆಯಬೇಕಲ್ಲ, ಅದರಲ್ಲಿ ಆದದ್ದನ್ನೇ ಬರೆಯಿರಿ, ಚಂದಕ್ಕೆ ಬರೆಯಬೇಡಿ ಎಂದರು. ಹೆಚ್ಚಿನವರು ಸಂಜೆ ಕೂತು ಇಡೀ ದಿನದ್ದನ್ನು ಒಂದೇ ಪೆನ್ನಿನಲ್ಲಿ ತುಂಬಿಸುತ್ತಾರಂತೆ. ನಾನು ಆಗಲಿ ಎಂದೆ, ಮದುವೆಗೂ ಕರೆದೆ.

ಮದುವೆಯ ದಿನ ಬೋವಿಕಾನದ ಆ ಅಡುಗೆಮನೆ ನನ್ನದೇ ಆಗಿತ್ತು. ಸಹಾಯಕರೆಲ್ಲರ ಹೆಗಲು ಬೋಳು, ತಲೆಗೆ ಟೊಪ್ಪಿ. ನಲ್ಲಿಯ ಪಕ್ಕದ ಗೋಡೆಯಲ್ಲಿ ಪಟ್ಟಿ, ಅದಕ್ಕೆ ದಾರ ಕಟ್ಟಿದ ಪೆನ್ನು. ಅಡುಗೆಯವರಲ್ಲದವರಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ನಾನೇ ಬರೆದು ಅಂಟಿಸಿದ್ದೆ. ಪಾಯಸ ಕುದಿಯುತ್ತಿರುವಾಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಅಪರ್ಣಾ. ಮುಹೂರ್ತಕ್ಕೆ ಮುಂಚೆ ಸೋದರಮಾವನ ಕಾಲು ಮುಟ್ಟಬೇಕೆಂದು ಧಾರೆ ಸೀರೆಯಲ್ಲಿ, ತಲೆ ತುಂಬ ಮಲ್ಲಿಗೆ ಮುಡಿದು ಬಂದಿದ್ದಳು. ಒಂದು ಕಾಲು ಹೊಸಿಲ ಒಳಗೇ ಇಟ್ಟಿದ್ದಳು.

ನನ್ನ ಕಣ್ಣಿಗೆ ಮೊದಲು ಕಂಡದ್ದು ಮಲ್ಲಿಗೆ. ಆಹಾರದಲ್ಲಿ ಬೀಳಬಾರದ ವಸ್ತುಗಳ ಪಟ್ಟಿಯಲ್ಲಿ ಕೂದಲು, ಹೂವು, ಬಳೆಯ ಚೂರು, ಮೂರೂ ಉಂಟು. ಮದುಮಗಳು ಮೂರನ್ನೂ ಹೊತ್ತು ನಿಂತಿದ್ದಳು.

"ಒಳ ಬರೆಡ," ಎಂದೆ ಮನೆಮಾತಿನಲ್ಲಿ, "ಆನೇ ಹೆರ ಬತ್ತೆ."

ಅವಳನ್ನು ಒಳಗೆ ಬಿಡದೆ ನಾನೇ ಹೊರಗೆ ಹೋದೆ. ಅವಳು ಬಗ್ಗಿದಳು. ಮಲ್ಲಿಗೆ ಮುಡಿದ ಆ ತಲೆಯ ಮೇಲೆ ಕೈ ಇಟ್ಟೆ. ಕಣ್ಣು ತುಂಬಿತು. ಶಾರದೆಯ ಅಷ್ಟು ವಾರಗಳ ಎಣಿಕೆಯನ್ನು ಮರೆತು ಬಲಗೈ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅಪರ್ಣಾ ನಕ್ಕು, ಧಾರೆ ಸೀರೆಯ ಸೆರಗಿನಿಂದ ನನ್ನ ಕಣ್ಣು ಒರೆಸಿ ಮಂಟಪಕ್ಕೆ ಹೋದಳು.

ಒಳಗೆ ಬಂದು ಇಪ್ಪತ್ತು ಸೆಕೆಂಡು ಸೋಪು ಹಾಕಿ ಕೈ ತೊಳೆದೆ. ಪಟ್ಟಿಯ ಮುಂದೆ ಸ್ವಲ್ಪ ಯೋಚಿಸಿದೆ, ಆಮೇಲೆ ಆದದ್ದನ್ನೇ ಬರೆದೆ.

ಸ್ವಲ್ಪ ಹೊತ್ತಿನಲ್ಲಿ ನಸೀಮಾ ಟೀಚರ್ ಬಂದರು. ಬಾಗಿಲಲ್ಲೇ ಟೊಪ್ಪಿ ಕೇಳಿ ಹಾಕಿಕೊಂಡು, ಕೈ ತೊಳೆದು ಒಳಗೆ ಬಂದರು. ಮದುಮಗಳಿಗೆ ಇಲ್ಲದ ಪ್ರವೇಶ ಅವರಿಗೆ ಇತ್ತು. ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದವರು ಒಂದು ಕಡೆ ನಿಂತರು. ಹತ್ತು ಗಂಟೆ ಐದು ನಿಮಿಷ, ತೆಂಗಿನಕಾಯಿ ಒಡೆದದ್ದು. ಹತ್ತು ಇಪ್ಪತ್ತು, ಆಶೀರ್ವಾದ.

"ಇದು ಪುಸ್ತಕದಲ್ಲಿ ಇಲ್ವಲ್ಲ ಭಟ್ರೇ," ಎಂದರು.

ಆದದ್ದನ್ನೇ ಬರೆಯಲು ಹೇಳಿದವರು ನೀವೇ ಎಂದೆ. ಟೀಚರ್ ಮತ್ತೊಮ್ಮೆ ಓದಿದರು. ಆಮೇಲೆ ದಾರ ಕಟ್ಟಿದ ಪೆನ್ನು ಎಳೆದುಕೊಂಡು, ಪರಿಶೀಲಿಸಿದವರ ಸಹಿ ಎಂಬ ಜಾಗದಲ್ಲಿ ತಮ್ಮ ಹೆಸರು ಬರೆದರು. ನಾನು ಪಾಯಸಕ್ಕೆ ಥರ್ಮಾಮೀಟರು ಇಳಿಸಿದೆ. ತೊಂಬತ್ತೆರಡು ಡಿಗ್ರಿ ಇತ್ತು. ಅದನ್ನೂ ಬರೆದೆ.