ದೊಡ್ಡಪ್ಪನ ಪೇಜು ತೆರೆದ ದಿನ

ಮೊನ್ನೆ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಲ್ಲಿ ರೈಲಿನ ವೇಳೆ ನೋಡಲು ಹೋದೆ. ಪೇಜು ತೆರೆಯಲಿಲ್ಲ; ಬಿಳಿ ಪರದೆಯ ನಡುವೆ ಚಕ್ರ ಸುತ್ತತೊಡಗಿತು. ಆ ಚಕ್ರ ನಿಮಗೂ ಗೊತ್ತು, ಅದು ತರುವ ಸಿಟ್ಟೂ ಗೊತ್ತು. ನನಗೆ ಮಾತ್ರ ಅದನ್ನು ಕಂಡರೆ ತಿಪ್ಪೇಸ್ವಾಮಿ ದೊಡ್ಡಪ್ಪ ನೆನಪಾಗುತ್ತಾನೆ.

ದೊಡ್ಡಪ್ಪನದು ತೆಂಗಿನಕಾಯಿ ವ್ಯಾಪಾರ; ಚಟ ಮಾತ್ರ ಮದುವೆ ಕುದುರಿಸುವುದು. ಹಿರಿಯೂರು, ಹೊಳಲ್ಕೆರೆ ಸೀಮೆಯ ವಧೂವರರಿಗೆಲ್ಲ ಒಂದು ವೆಬ್‌ಸೈಟ್ ಬೇಕೆಂದು ಹಟ ಹಿಡಿದ. ಅದನ್ನೇ ಮಾಡಿ ಹೊಟ್ಟೆ ಹೊರೆಯುವವನು ಮನೆಯಲ್ಲೇ ಇದ್ದೆನಲ್ಲ, ಬಿಟ್ಟಾನೆಯೇ? ಫೋಟೋ ಹಾಕಲು ಹೆಣ್ಣಿನ ಕಡೆಯವರು ಒಪ್ಪಲಿಲ್ಲ. ಆ ಕೊರತೆಯನ್ನು ದೊಡ್ಡಪ್ಪ ಮಾತಿನಲ್ಲಿ ತುಂಬಿದ. ಒಬ್ಬೊಬ್ಬರ ಮೇಲೂ ಪುಟಗಟ್ಟಲೆ ಬರೆದು, ಎಲ್ಲವೂ ಒಂದೇ ಪೇಜಿನಲ್ಲಿರಬೇಕೆಂದ. ಹಳ್ಳಿಯ ಮೊಬೈಲುಗಳಲ್ಲಿ ಆ ಭಾರದ ಪೇಜು ತೆರೆಯಲೇ ಇಲ್ಲ. ಯಾರಿಗೂ ಓದಲಾಗದ್ದರಿಂದ ಎಲ್ಲರೂ ಹೊಗಳುತ್ತಿದ್ದರು.

ಸರ್ವರ್‌ನಲ್ಲಿ ಕಂಪ್ರೆಶನ್ ಹಾಕುತ್ತೇನೆಂದೆ.

"ನನ್ನ ಮಾತು ಕತ್ತರಿಸ್ತೀಯೇನಲೇ?"

"ಒಂದಕ್ಷರಾನೂ ಹೋಗಲ್ಲ ದೊಡ್ಡಪ್ಪ. ಸರ್ವರ್ ಒತ್ತಿ ಚಿಕ್ಕದು ಮಾಡಿ ಕಳಿಸ್ತೈತೆ, ಮೊಬೈಲು ಬಿಚ್ಚಿ ಇದ್ದಂಗೇ ತೋರಿಸ್ತೈತೆ."

"ಹಂಗಾದ್ರೆ ಒತ್ತು."

ಸೆಟ್ಟಿಂಗಿನಲ್ಲಿ ನಾಲ್ಕಾರು ಸಾಲು ಬರೆದೆ, ಅಷ್ಟೇ. ಬಂದ ಪದವೇ ಮತ್ತೆ ಮತ್ತೆ ಬಂದಷ್ಟೂ ಬರಹ ಚೆನ್ನಾಗಿ ಕುಗ್ಗುತ್ತದೆ. ದೊಡ್ಡಪ್ಪನ ಬರಹದಲ್ಲಿ ‘ಸುಗುಣಶೀಲೆ’ ಇಲ್ಲದ ಸಾಲೇ ಇರಲಿಲ್ಲವಾಗಿ, ಪೇಜು ಹತ್ತಿಯಂತೆ ಹಗುರಾಗಿ ಎಲ್ಲ ಮೊಬೈಲಿನಲ್ಲೂ ತೆರೆದುಕೊಂಡಿತು.

ಮರುದಿನ ಬೆಳಿಗ್ಗೆಯೇ ಮದಕರಿಪುರದಿಂದ ರೇಣುಕ ಬಸ್ಸು ಹಿಡಿದು ಬಂದಳು. ಪೇಜಿನಲ್ಲಿದ್ದ ವಧುಗಳಲ್ಲೊಬ್ಬಳು, ಪಶು ಆಸ್ಪತ್ರೆಯಲ್ಲಿ ಕೆಲಸ.

"ಮಾವ, ಯಾರಿದು ‘ಗಟ್ಟಿಯಾಗಿ ಮಾತಾಡಿದವಳಲ್ಲ, ಅಡಿಗೆಯಲ್ಲಿ ನಳಪಾಕ’? ನಾನು ಕೂಗಿದ್ರೆ ಗುಡ್ಡದಾಗಿನ ಕುರಿ ನಿಲ್ತವೆ! ಅಣ್ಣ, ನೀನಾದ್ರೂ ಓದಿದ್ಯಾ ಇದನ್ನ?"

"ನಾನು ಬರೀ ಒತ್ತಿದ್ದು," ಎಂದೆ.

"ಭಾನುವಾರ ಐಮಂಗಲದೋರು ನೋಡಾಕೆ ಬರ್ತಾರೆ. ಇದನ್ನ ನಂಬಿ ಕಟ್ಕೊಂಡ್ರೆ ಜೀವ್ನ ಪೂರ್ತಿ ಪಿಸುಗುಡಾಕಾಗ್ತೈತಾ?"

ಕಂಪ್ಯೂಟರಿನ ಮುಂದಿನಿಂದ ನನ್ನನ್ನು ಎಬ್ಬಿಸಿ, ತಾನೇ ಕೂತು ಹಳೆಯದನ್ನು ಅಳಿಸಿ ಬರೆದಳು: ‘ಕುರಿಗಳಿಗೆ ಇಂಜೆಕ್ಷನ್ ಹಾಕುತ್ತೇನೆ. ದನಿ ದೊಡ್ಡದು. ಅಡಿಗೆ ಅಷ್ಟಕ್ಕಷ್ಟೇ.’

"ಮುರೀತು ಸಂಬಂಧ," ಎಂದು ದೊಡ್ಡಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮಧ್ಯಾಹ್ನ ಐಮಂಗಲದಿಂದ ಹುಡುಗನ ತಾಯಿಯ ಫೋನು. ದೊಡ್ಡಪ್ಪ ಸ್ಪೀಕರ್ ಹಾಕಿದ.

"ಯಜಮಾನ್ರೇ, ಹುಡುಗಿ ಕುರಿಗೆ ಇಂಜೆಕ್ಷನ್ ಹಾಕ್ತಾಳಂತೆ? ನಮ್ಮ ದೊಡ್ಡಿ ತುಂಬ ಕುರಿ ಅವೆ. ಮೊದ್ಲೇ ಯಾಕ್ರೀ ಬರೀಲಿಲ್ಲ ಇದನ್ನ? ಭಾನುವಾರದ ತನಕ ಯಾಕೆ, ನಾಳೆನೇ ಬರ್ತೀವಿ!"

ಮದುವೆ ಆಯಿತು. ಸುದ್ದಿ ಹಬ್ಬಿ, ಉಳಿದವರೂ ಬಂದು ತಂತಮ್ಮದನ್ನು ತಾವೇ ಬರೆದರು. ಒಬ್ಬ ವರನಂತೂ ‘ಕೆಲಸ ಹುಡುಕುತ್ತಿದ್ದೇನೆ, ಗೊರಕೆ ಇದೆ’ ಎಂದಷ್ಟೇ ಬರೆದು ಹೋದ. ಪೇಜು ಎಷ್ಟು ಸಣ್ಣದಾಯಿತೆಂದರೆ ಸರ್ವರ್‌ಗೆ ಒತ್ತಲು ಏನೂ ಉಳಿಯಲಿಲ್ಲ.

"ಬೇಗ ತೆರಿತೈತೆ, ನಿಜ," ಎನ್ನುತ್ತಾನೆ ದೊಡ್ಡಪ್ಪ ಈಗಲೂ. "ಓದಾಕೆ ಏನೈತಲೇ ಅದ್ರಾಗೆ?"

ಅವನ ಹಳೆಯ ಬರಹದ ಪ್ರತಿ ನನ್ನಲ್ಲಿದೆ. ಆಗ ಒಂದು ಸಾಲೂ ಓದದವನು ಈಗ ಬಿಡುವಾದಾಗ ತೆರೆದು ಕೂರುತ್ತೇನೆ. ಅಲ್ಲಿ ಇಡೀ ಸೀಮೆಯಲ್ಲಿ ಒಬ್ಬರೂ ದನಿ ಎತ್ತುವುದಿಲ್ಲ, ಯಾರ ಸಾರಿಗೂ ಉಪ್ಪು ಹೆಚ್ಚಾಗುವುದಿಲ್ಲ, ಅತ್ತೆಯರೆಲ್ಲ ನಗುತ್ತಲೇ ಇರುತ್ತಾರೆ. ಆ ಊರಿಗೆ ಬಸ್ಸಿದ್ದರೆ ಒಂದು ದಿನ ಹೋಗಿ ಬರೋಣ ಅನ್ನಿಸುತ್ತದೆ.