ಇಲ್ಲ ಎನ್ನಲು ಬಾರದ ಹಾಲೇಶಪ್ಪ ಮೇಷ್ಟ್ರು

ಅಕ್ಷರ ತಿದ್ದಿಸಿದ ಗುರುಗಳಿಗೆ, ಹಸಿದ ಹೊತ್ತಿನಲ್ಲಿ ಅನ್ನ ಬಡಿಸಿದ ತಾಯಂದಿರಿಗೆ, ನಾಲಗೆಯ ಮೇಲೆ ನಿಂತು ಈವರೆಗೆ ಕೈಬಿಡದ ವಾಗ್ದೇವಿಗೆ ಮೊದಲ ನಮಸ್ಕಾರ. ಸಜ್ಜನರ ಸಹವಾಸ ಪೂರ್ವಪುಣ್ಯದಿಂದ ಒದಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನನ್ನ ಪುಣ್ಯದ ಗಂಟು ಅಷ್ಟೇನೂ ದೊಡ್ಡದಲ್ಲ. ಆದರೂ ಹಾಲೇಶಪ್ಪ ಮೇಷ್ಟ್ರ ಪರಿಚಯವನ್ನು ಅದು ದೊರಕಿಸಿಕೊಟ್ಟಿತು. ಆ ಕೃತಜ್ಞತೆಯಿಂದಲೇ ಈ ಬರಹವನ್ನು ಆರಂಭಿಸುತ್ತೇನೆ.

ಹಾಲೇಶಪ್ಪನವರನ್ನು ಬರಿಗೈಯಲ್ಲಿ ಕಂಡವರಿಲ್ಲ. ಅವರ ಕೈಯಲ್ಲಿ ಸದಾ ಏನಾದರೊಂದು ಇರುತ್ತಿತ್ತು, ಮತ್ತು ಅದು ಅವರದಾಗಿರುತ್ತಿರಲಿಲ್ಲ. ಬೆಳಿಗ್ಗೆ ಬಿಸಿಯೂಟದ ಮೊಟ್ಟೆಯ ಟ್ರೇ, ಮಧ್ಯಾಹ್ನ ಮುಖ್ಯೋಪಾಧ್ಯಾಯರ ಮನೆಯ ಗ್ಯಾಸ್ ಸಿಲಿಂಡರು, ಸಂಜೆ ಸಹೋದ್ಯೋಗಿಯೊಬ್ಬರ ಅಳುವ ಕೂಸು. ನ್ಯಾಮತಿ ತಾಲ್ಲೂಕಿನ ನಮ್ಮೂರ ಪ್ರೌಢಶಾಲೆಯಲ್ಲಿ ಅವರು ಸಮಾಜ ವಿಜ್ಞಾನದ ಶಿಕ್ಷಕರು, ಹುಟ್ಟೂರು ಬಸವಾಪಟ್ಟಣ. ಅದೇ ಶಾಲೆಯಲ್ಲಿ ಕನ್ನಡ, ಸಂಸ್ಕೃತಗಳನ್ನು ಬೋಧಿಸಿ ನಿವೃತ್ತನಾದ ನಾನು ಶಾಲೆಯ ಎದುರಿನಲ್ಲೇ ವಾಸವಾಗಿದ್ದೇನೆ. ಸಮಾರಂಭಗಳಲ್ಲಿ ಪ್ರಾರ್ಥನಾ ಶ್ಲೋಕ ಹೇಳುವ ಸೇವೆ ನನಗೆ ಇನ್ನೂ ಉಳಿದಿದೆ. ಆದಕಾರಣ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ನನ್ನ ಕಣ್ಣೆದುರಿಗೇ ನಡೆದದ್ದು.

‘ಇಲ್ಲ’ ಎಂಬ ಎರಡಕ್ಷರ ಆ ಮಹಾನುಭಾವರ ಬಾಯಿಂದ ಹೊರಡುತ್ತಿರಲಿಲ್ಲ. ಒಮ್ಮೆ ಇಬ್ಬರು ಸಹೋದ್ಯೋಗಿಗಳು ಒಂದೇ ಮುಹೂರ್ತದ ಎರಡು ಮದುವೆಗಳಿಗೆ ತಮ್ಮ ಪರವಾಗಿ ಹೋಗಿಬರಬೇಕೆಂದು ಕೇಳಿಕೊಂಡರು. ಇವರು ಇಬ್ಬರಿಗೂ ಒಪ್ಪಿದರು. ಚನ್ನಗಿರಿಯಲ್ಲಿ ಅಕ್ಷತೆ ಹಾಕಿ, ಹೊನ್ನಾಳಿಗೆ ಧಾವಿಸಿ, ಅಲ್ಲಿ ಎಲೆ ಎತ್ತುತ್ತಿದ್ದವರ ನಡುವೆ ನಿಂತು ಕ್ಷಮೆ ಕೇಳಿ ಬಂದರು. “ಯಾಕ್ರೀ ಈ ಪಾಡು?” ಎಂದು ನಾನು ಕೇಳಿದರೆ, “ಏನ್ ಮಾಡಾದು ಶಾಸ್ತ್ರಿಗಳೇ, ಕೇಳಾಕೆ ಅಂತ ಅಷ್ಟು ದೂರ ನಡ್ಕಂಡು ಬಂದಿರ್ತಾರೆ” ಎನ್ನುತ್ತಿದ್ದರು. ಅಷ್ಟು ದೂರವೆಂದರೆ ಸ್ಟಾಫ್ ರೂಮಿನ ಈ ಕುರ್ಚಿಯಿಂದ ಆ ಕುರ್ಚಿಗೆ.

ಇಂಥವರ ಹಣೆಯಲ್ಲಿ ಜೀವನ ಕೌಶಲ ತರಬೇತಿಯ ಯೋಗವೂ ಬರೆದಿತ್ತು. ಹದಿಹರೆಯದ ಮಕ್ಕಳಿಗೆ ಯೋಚಿಸುವುದು, ಮಾತಾಡುವುದು, ಕೋಪ ನುಂಗುವುದು, ಬೇಡವಾದುದನ್ನು ನಿರಾಕರಿಸುವುದು ಇವೆಲ್ಲವನ್ನೂ ಶಾಲೆಯಲ್ಲೇ ಕಲಿಸಬೇಕೆಂದು ಮೇಲಿನವರು ನಿಶ್ಚಯಿಸಿದರು. ಉದ್ದೇಶ ಶ್ಲಾಘ್ಯವಾದದ್ದೇ. ಪ್ರತಿ ಶಾಲೆಯಿಂದ ಆಸಕ್ತ ಶಿಕ್ಷಕರೊಬ್ಬರು ಹೊನ್ನಾಳಿಯ ತರಬೇತಿಗೆ ಬರಬೇಕೆಂದು ಆದೇಶವಾಯಿತು. ನಮ್ಮ ಶಿಕ್ಷಕರಲ್ಲಿ ಒಬ್ಬರಿಗೆ ಸೊಂಟನೋವು, ಒಬ್ಬರಿಗೆ ಗೃಹಪ್ರವೇಶ, ಒಬ್ಬರಿಗೆ ಕಾರಣ ಹೇಳುವ ಅಗತ್ಯವೂ ಕಾಣಲಿಲ್ಲ. ಹೀಗೆ ನಿರಾಕರಣೆಯ ಕೌಶಲ ಸಿದ್ಧಿಸಿದವರೆಲ್ಲ ಊರಲ್ಲೇ ಉಳಿದರು. ಅದು ಲವಲೇಶವೂ ಇಲ್ಲದ ಹಾಲೇಶಪ್ಪನವರು ಆಸಕ್ತ ಶಿಕ್ಷಕರಾಗಿ ಬಸ್ಸು ಹತ್ತಿದರು. ಸರ್ಕಾರದ ಯೋಜನೆಯೊಂದು ಯೋಗ್ಯ ಫಲಾನುಭವಿಯನ್ನು ತಾನಾಗಿ ಹುಡುಕಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಉದ್ಘಾಟನೆಯ ಶ್ಲೋಕಕ್ಕೆಂದು ನನ್ನನ್ನೂ ಕರೆದೊಯ್ದಿದ್ದರು. ಮಧ್ಯಾಹ್ನ ಪಾಯಸದೂಟವಿದೆ ಎಂದು ತಿಳಿದು ಉಳಿದುಕೊಂಡೆ. ತಲೆ ನರೆತ ಅಧ್ಯಾಪಕರೆಲ್ಲ ಬೆರಳಿನಿಂದ ಅಂಗೈ ತಟ್ಟಿ ಮಳೆಯ ಸದ್ದು ಮಾಡಿದರು; ಚಾರ್ಟಿನ ಮೇಲೆ ಮರ ಬರೆದು ಅದರ ಬೇರುಗಳಿಗೆ ಸದ್ಗುಣಗಳ ಹೆಸರಿಟ್ಟರು. ಬಳಿಕ ಅಭಿನಯ. ದಾವಣಗೆರೆಯಿಂದ ಬಂದ ಯುವ ತರಬೇತುದಾರ ಹಾಲೇಶಪ್ಪನವರನ್ನು ಎದ್ದು ನಿಲ್ಲಿಸಿದ. ಇನ್ನೊಬ್ಬ ಶಿಕ್ಷಕರು ಕೆಟ್ಟ ಗೆಳೆಯನಾಗಿ ಬೀಡಿ ನೀಡಬೇಕು. ಇವರು ಅವರ ಮುಖ ನೋಡಿ, ಸೌಮ್ಯವಾಗಿ ಬೇಡವೆಂದು, ಅಲ್ಲಿಂದ ಹೊರಟುಬಿಡಬೇಕು. ನಿರಾಕರಣೆಗೆ ಪುಸ್ತಕದಲ್ಲಿ ಹೇಳಿದ ವಿಧಿ ಅದು.

ಗೆಳೆಯನ ಪಾತ್ರದವರು ಬೀಡಿ ನೀಡಿದರು. ಜನ್ಮದಲ್ಲಿ ಹೊಗೆ ಸೋಕಿಸಿಕೊಳ್ಳದ ಹಾಲೇಶಪ್ಪನವರು ಅದನ್ನು ಎರಡೂ ಕೈಗಳಿಂದ ಪ್ರಸಾದದಂತೆ ಸ್ವೀಕರಿಸಿ ಜೇಬಿಗಿಳಿಸಿದರು.

“ಸರ್, ಬೇಡ ಅನ್ನಬೇಕು ನೀವು” ಎಂದ ತರಬೇತುದಾರ.

“ಗೊತ್ತೈತೆ ಸರ್. ಆದ್ರೆ ಅವ್ರು ಕೈ ಚಾಚಿದಾರಲ್ರೀ. ಚಾಚಿದ್ ಕೈ ಹಂಗೇ ವಾಪಸ್ ಹೋದ್ರೆ ಚೆನ್ನಾಗಿರಲ್ಲ.”

“ಇದು ನಾಟಕ ಸರ್.”

“ನಾಟ್ಕ ಅಂತ ಅವ್ರಿಗೆ ಬೇಜಾರಾಗಾದು ತಪ್ಪುತ್ತೇನ್ರೀ?”

ಮತ್ತೆ ಮತ್ತೆ ಅಭಿನಯ ಮಾಡಿಸಿದರು. ಊಟದ ಗಂಟೆ ಬಾರಿಸುವ ಹೊತ್ತಿಗೆ ಅವರ ಜೇಬಿನಲ್ಲಿ ಒಂದು ಕಟ್ಟು ಬೀಡಿ ಸೇರಿತ್ತು. ತರಬೇತಿಯ ಕೊನೆಗೆ ಎಲ್ಲರಂತೆ ಅವರಿಗೂ ಪ್ರಮಾಣಪತ್ರ ದೊರೆಯಿತು. ಅಷ್ಟೇ ಅಲ್ಲ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ಸಂಚರಿಸುವ ಭಾರವನ್ನೂ ಹೊರಿಸಿದರು. ಉಳಿದವರು ಒಲ್ಲೆವೆಂದಿದ್ದರು.

ಇನ್ನು ಅವರ ತರಗತಿಯ ವಿಚಾರ. ಹತ್ತನೆಯ ತರಗತಿಯ ಮಕ್ಕಳನ್ನು ಹೊಂಗೆಮರದಡಿ ಸುತ್ತಾಗಿ ಕೂರಿಸಿ, ತಾವೂ ಅವರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ಹೇಳುತ್ತಿದ್ದರು: “ನೋಡ್ರಪ್ಪಾ, ಇಲ್ಲ ಅನ್ನಾದು ಹೆಂಗೆ ಅಂತ ಪುಸ್ತಕದಾಗೆ ಹಿಂಗೆ ಬರ್ದಾರೆ. ನಂಗೆ ಬರಲ್ಲ. ನೀವು ಕಲ್ತು ಆಮೇಲೆ ನಂಗೂ ಹೇಳ್ಕೊಡ್ರಿ.” ತನಗೆ ಬಾರದು ಎಂದ ಅಧ್ಯಾಪಕನನ್ನು ಆ ಮಕ್ಕಳು ಮೊದಲ ಬಾರಿಗೆ ನೋಡುತ್ತಿದ್ದರು. ಪಾಠ ಅದ್ಭುತವಾಗಿ ತಲೆಗೆ ಹತ್ತಿತು.

ಒಂದು ದಿನ ಮುಖ್ಯೋಪಾಧ್ಯಾಯ ತಿಪ್ಪೇಸ್ವಾಮಿಯವರು ಮರದ ಬಳಿ ಬಂದು, ಅತಿಥಿಗಳಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಲು ಹಾಲೇಶಪ್ಪನವರನ್ನು ಕರೆದರು. ಅವರು ಏಳುವಷ್ಟರಲ್ಲಿ ಶಾಹಿನಾ ಎಂಬ ಹುಡುಗಿ ಎದ್ದಳು. ನ್ಯಾಮತಿಯಲ್ಲಿ ತಳ್ಳುಗಾಡಿಯ ಮೇಲೆ ಬಾಳೆಹಣ್ಣು ಮಾರುವವರ ಮಗಳು. ಚೌಕಾಶಿಯ ನಡುವೆ ಬೆಳೆದವಳಿಗೆ ಧೈರ್ಯ ಸಹಜ. ಮುಖ್ಯೋಪಾಧ್ಯಾಯರ ಮುಖವನ್ನೇ ನೋಡುತ್ತ, “ಸರ್, ನಮ್ ಮೇಷ್ಟ್ರಿಗೆ ಈಗ ಪಾಠ ಐತೆ. ಅವ್ರು ಬರಾಕೆ ಆಗಲ್ಲ. ನೀವು ಬೇಜಾರ್ ಮಾಡ್ಕಬಾರ್ದು” ಎಂದಳು.

“ಏನ್ರೀ ಹಾಲೇಶಪ್ಪ ಇದು?”

“ಪ್ರಾಕ್ಟಿಕಲ್ ಸರ್” ಎಂದರು ಮೇಷ್ಟ್ರು, ತಲೆ ತಗ್ಗಿಸಿ.

ತಿಪ್ಪೇಸ್ವಾಮಿಯವರು ಹಿಂದಿರುಗಿದರು. ಗಂಟೆ ಹೊಡೆದ ಮೇಲೆ ಹಾಲೇಶಪ್ಪನವರು ಹಿತ್ತಲ ಗೇಟಿನಿಂದ ನುಸುಳಿ ಹೋಗಿ ಮಂಡಕ್ಕಿ ತಂದುಕೊಟ್ಟರು, ಮಕ್ಕಳಿಗೆ ತಿಳಿಯದಂತೆ.

ಹೊಂಗೆಮರದಡಿಯ ಆ ಸುತ್ತಿನಲ್ಲಿ ಒಂದು ನಿಯಮವಿತ್ತು. ಅಲ್ಲಿ ಆಡಿದ ಮಾತನ್ನು ಆಡಿದವರ ಹೆಸರಿನೊಡನೆ ಹೊರಗೆ ಒಯ್ಯಕೂಡದು. ದೇವರ ಮೇಲೆ ಆಣೆ ಇಡುವ ಮಕ್ಕಳನ್ನು ತಡೆದು, “ದೇವ್ರನ್ನ ಯಾಕೆ ಎಳೀತೀರಿ, ನಮ್ಮ ನಾಲಿಗೆ ನಮ್ಮ ಹತ್ರಾನೇ ಐತಲ್ಲ” ಎಂದಿದ್ದರು ಮೇಷ್ಟ್ರು. ಇಷ್ಟು ಒಳ್ಳೆಯ ಸಂಕಲ್ಪವಾಕ್ಯವನ್ನು ನಾನು ಯಾವ ಪುರೋಹಿತನ ಬಾಯಲ್ಲೂ ಕೇಳಿಲ್ಲ.

ಕಾರ್ತಿಕ ಮಾಸದಲ್ಲಿ ಒಂದು ದಿನ ಆ ಸುತ್ತಿನಲ್ಲಿ ಒಬ್ಬ ಹುಡುಗಿ ಬಾಯಿಬಿಟ್ಟಳು. ಸಂಜೆ ರಸ್ತೆಯ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಒಬ್ಬ ಯುವಕ ಬೈಕಿನಲ್ಲಿ ಹುಡುಗಿಯರನ್ನು ಸುತ್ತುಹಾಕುತ್ತಾನೆ, ತನ್ನ ದಾರಿಗಂತೂ ಬೈಕನ್ನೇ ಅಡ್ಡ ನಿಲ್ಲಿಸುತ್ತಾನೆ, ಶಾಲೆಗೆ ಬರುವುದೇ ಭಯವಾಗಿದೆ ಎಂದಳು. ಆ ಯುವಕ ಶಾಲಾ ಸಮಿತಿಯ ಅಧ್ಯಕ್ಷರಾದ ಗೌಡರ ಅಕ್ಕನ ಮಗ. ಮೇಷ್ಟ್ರು ಹುಡುಗಿಯ ಹೆಸರನ್ನು ಹೇಳದೆ ಸಂಗತಿಯನ್ನಷ್ಟೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಬಸ್ಸು ಶಾಲೆಯ ಗೇಟಿನಲ್ಲೇ ನಿಲ್ಲುವಂತೆ ಮಾಡಬೇಕು, ಆ ಯುವಕನಿಗೆ ಪೊಲೀಸರಿಂದ ಎಚ್ಚರಿಕೆ ಹೇಳಿಸಬೇಕು ಎಂದು ಕೇಳಿದರು. ತಿಪ್ಪೇಸ್ವಾಮಿಯವರು ಬಹಳ ಗಂಭೀರವಾಗಿ ಕೇಳಿಕೊಂಡು, ಮೇಷ್ಟ್ರು ಅತ್ತ ಹೋಗುತ್ತಿದ್ದಂತೆ ಫೋನೆತ್ತಿ ಗೌಡರಿಗೆ ತಿಳಿಸಿದರು. ಪರಿಣಾಮಕಾರಿ ಸಂವಹನವೂ ಒಂದು ಜೀವನ ಕೌಶಲವೇ.

ಮರುದಿನ ವಾರ್ಷಿಕೋತ್ಸವದ ಶ್ಲೋಕದ ಬಗ್ಗೆ ಮಾತನಾಡಲು ನಾನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕುಳಿತಿದ್ದಾಗ ಗೌಡರು ಬಂದರು. ಹಾಲೇಶಪ್ಪನವರನ್ನು ಕರೆಸಿದರು. ಅವರು ಎಲ್ಲರಿಗೂ ಚಹಾದ ತಟ್ಟೆ ಹಿಡಿದುಕೊಂಡೇ ಒಳಗೆ ಬಂದರು.

“ಮೇಷ್ಟ್ರೇ, ಆ ಹುಡುಗಿ ಯಾರು ಅಂತ ಒಂದ್ ಮಾತು ಹೇಳ್ರಿ. ನಾನೇನು ಹುಲೀನಾ? ಆ ಮಗೂಗೆ, ಅವ್ರಪ್ಪಗೆ ಸಮಾಧಾನ ಹೇಳಾಕೆ ಕೇಳ್ತಾ ಇದೀನಿ” ಎಂದರು ಗೌಡರು.

“ಹೇಳ್ರೀ ಹಾಲೇಶಪ್ಪ. ನೀವು ಯಾವತ್ತಾದ್ರೂ ಇಲ್ಲ ಅಂದೀರಾ?” ಎಂದು ತಿಪ್ಪೇಸ್ವಾಮಿಯವರು ನಕ್ಕರು. ಅದು ಪ್ರಶ್ನೆಯಾಗಿರಲಿಲ್ಲ, ನಂಬಿಕೆಯಾಗಿತ್ತು.

ಹೆಸರು ಹೊರಬಿದ್ದರೆ ಏನಾಗುವುದೆಂದು ಆ ಕೊಠಡಿಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ತಪ್ಪು ಯಾರದೇ ಇರಲಿ, ಶಾಲೆ ಬಿಟ್ಟು ಮನೆಯಲ್ಲಿ ಕೂರುವವಳು ಹುಡುಗಿ. ಪರೀಕ್ಷೆಗೆ ಇನ್ನು ಕೆಲವೇ ತಿಂಗಳುಗಳಿದ್ದವು.

ಹಾಲೇಶಪ್ಪನವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. ಗೌಡರ ಮುಖವನ್ನು ನೋಡಿದರು.

“ಗೌಡ್ರೇ, ನೀವು ಬಂದು ಕೇಳಿದ್ರಿ, ಸಂತೋಷ. ನಂಗೆ ಹೇಳಾಕೆ ಆಗಲ್ಲ.”

ಇಷ್ಟೆಂದು, ವಿಧಿಯಲ್ಲಿ ಹೇಳಿದಂತೆ ಅಲ್ಲಿಂದ ಹೊರಟರು. ಆದರೆ ಅಭ್ಯಾಸವಿಲ್ಲದ ಕೆಲಸ. ಗಾಬರಿಯಲ್ಲಿ ಹೊರಬಾಗಿಲ ಬದಲು ಪಕ್ಕದ ಬಾಗಿಲನ್ನು ತೆರೆದು ಒಳಹೊಕ್ಕು ಮುಚ್ಚಿಕೊಂಡರು. ಅದು ಭೂಪಟಗಳನ್ನೂ ವಾಲಿಬಾಲ್ ನೆಟ್ಟನ್ನೂ ಇಡುವ ಉಗ್ರಾಣ. ಬೇರೆ ಬಾಗಿಲಿಲ್ಲ, ಕಿಟಕಿಯೂ ಇಲ್ಲ.

ನಾವು ಮೂವರೂ ಆ ಬಾಗಿಲನ್ನು ನೋಡುತ್ತ ಕುಳಿತೆವು. ಒಳಗೆ ಏನೋ ಉರುಳಿದ ಸದ್ದಾಯಿತು. ಅವರು ಮಾತ್ರ ಹೊರಗೆ ಬರಲಿಲ್ಲ. ಹೊರಟವನು ಮರಳಿ ಬಂದರೆ ನಿರಾಕರಣೆ ಅಸಿಂಧುವಾಗುತ್ತದೆ ಎಂದು ಅವರು ಭಾವಿಸಿದ್ದರೆಂದು ಆಮೇಲೆ ತಿಳಿಯಿತು.

ಗೌಡರು ಎದ್ದು ಬಾಗಿಲ ಬಳಿ ಹೋದರು. “ಮೇಷ್ಟ್ರೇ, ಹೊರಗೆ ಬರ್ರಿ. ಹಿಂಗೆಲ್ಲ ಮಾಡಬಾರ್ದು. ನೀವು ಊರಿಗೆ ಬೇಕಾದವ್ರು.”

“ಆಗಲ್ಲ ಗೌಡ್ರೇ” ಎಂದಿತು ಒಳಗಿನ ದನಿ.

“ಸಮಿತಿ ಅಧ್ಯಕ್ಷ ನಾನು. ನಿಮ್ಮನ್ನ ಎಲ್ಲಿಗೆ ಬೇಕಾದ್ರೂ ಹಾಕಿಸ್ತೀನಿ.”

“ಹಾಕ್ಸ್ರಿ. ಹೆಸ್ರು ಹೇಳಲ್ಲ.”

ಈ ಬಾರಿ ದನಿಯಲ್ಲಿ ಗಾಬರಿಯಿರಲಿಲ್ಲ. ಮೊಟ್ಟೆಯ ಟ್ರೇ ಹೊರುವ ಮನುಷ್ಯನ ದನಿ ಇದೇ ಎಂದು ನಂಬುವುದು ನನಗೆ ಕಷ್ಟವಾಯಿತು. ಗೌಡರ ಕಾರಿನ ಸದ್ದು ದೂರವಾಗುವವರೆಗೂ ಅವರು ಆ ಕತ್ತಲೆಯಲ್ಲೇ ಇದ್ದರು. ಹೊರಬಂದಾಗ ತಲೆಯ ತುಂಬ ಧೂಳು. ತಿಪ್ಪೇಸ್ವಾಮಿಯವರಿಗೆ ಕೈಮುಗಿದು, “ಚಾ ಆರ್ತೇನೋ ಸರ್, ಬಿಸಿ ಮಾಡಿಸ್ಕಂಡು ಬರ್ಲಾ?” ಎಂದರು.

ಕೆಲವೇ ದಿನಗಳಲ್ಲಿ ವರ್ಗಾವಣೆಯ ಆದೇಶ ಬಂತು. ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆಯ ಶಾಲೆಯೊಂದಕ್ಕೆ ಇಂಥ ನುರಿತ ಸಂಪನ್ಮೂಲ ವ್ಯಕ್ತಿಯ ಸೇವೆ ಅತ್ಯಗತ್ಯವೆಂದು ಅದರಲ್ಲಿತ್ತು. ಬೀಳ್ಕೊಡುಗೆಯ ಸಭೆಯಲ್ಲಿ ಗೌಡರೇ ಶಾಲು ಹೊದಿಸಿ, ಇಂಥ ಸಹಕಾರಿ ಮನುಷ್ಯನನ್ನು ಕಂಡಿಲ್ಲ ಎಂದು ಭಾಷಣ ಮಾಡಿದರು. ಅವರ ವಾರ್ಷಿಕ ವರದಿಯಲ್ಲಿ ಮಾತ್ರ ಮುಖ್ಯೋಪಾಧ್ಯಾಯರು ಹೊಂದಾಣಿಕೆಯ ಕೌಶಲದಲ್ಲಿ ಸುಧಾರಣೆ ಬೇಕು ಎಂದು ಬರೆದಿದ್ದರೆಂದು ಗುಮಾಸ್ತರು ನನಗೆ ಗುಟ್ಟಾಗಿ ಹೇಳಿದರು.

ಇತ್ತ ಮಕ್ಕಳು ಸುಮ್ಮನೆ ಕೂರಲಿಲ್ಲ. ಹುಡುಗರು, ಹುಡುಗಿಯರೆಲ್ಲ ಒಟ್ಟಾಗಿ ಶಾಲೆಯ ಗೇಟಿನಲ್ಲೇ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿಯತೊಡಗಿದರು. ಕಂಡಕ್ಟರು, “ಇಲ್ಲಿ ಸ್ಟಾಪ್ ಇಲ್ಲ, ಕ್ರಾಸಿಗೆ ನಡೀರಿ” ಎಂದು ಗದರಿದಾಗ ಶಾಹಿನಾ, “ನಾವು ಹೋಗಲ್ಲಣ್ಣ. ನೀನು ಬೇಜಾರ್ ಮಾಡ್ಕಬೇಡ” ಎಂದಳಂತೆ. ಒಂದು ವಾರ ಕೂಗಾಡಿದ ಕಂಡಕ್ಟರು ಎರಡನೆಯ ವಾರದಿಂದ ಗೇಟಿನಲ್ಲಿ ಬಸ್ಸು ನಿಲ್ಲಿಸಲು ತಾವಾಗಿಯೇ ಸೀಟಿ ಊದತೊಡಗಿದರು. ಗೌಡರು ಅಕ್ಕನ ಮಗನನ್ನು ಚನ್ನಗಿರಿಯ ನೆಂಟರೊಬ್ಬರ ಅಂಗಡಿಗೆ ಕಳುಹಿಸಿದರು. ಅದು ಶಿಕ್ಷೆಯೋ ಬಡ್ತಿಯೋ ನನಗೆ ತಿಳಿಯದು.

ಮರುವರ್ಷದ ಶ್ರಾವಣದಲ್ಲಿ ಪುರಾಣ ಪ್ರವಚನಕ್ಕೆಂದು ಜಗಳೂರು ಕಡೆಯ ಬಿಳಿಚೋಡಿಗೆ ಹೋಗಿದ್ದೆ. ಸುದ್ದಿ ತಿಳಿದು ಹಾಲೇಶಪ್ಪನವರು ಬಂದರು. ತುಂಬ ಸೊರಗಿದ್ದರು. ಹೆಗಲಲ್ಲಿ ಆ ಊರಿನ ಯಾರದೋ ರೇಷನ್ ಅಕ್ಕಿ. ಕುಶಲಪ್ರಶ್ನೆಯನ್ನೂ ಮಾಡದೆ, “ಶಾಸ್ತ್ರಿಗಳೇ, ಹೆಣ್ಮಕ್ಳು ಎಲ್ಲಾರೂ ಪರೀಕ್ಷೆ ಬರದ್ರಾ? ಒಬ್ರೂ ಬಿಟ್ಟಿಲ್ಲ ತಾನೆ?” ಎಂದು ಕೇಳಿದರು.

“ಎಲ್ಲರೂ ಬರೆದರು. ಪರೀಕ್ಷೆಯ ದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು ಆಶೀರ್ವಾದ ಪಡೆದೇ ಹೋದರು” ಎಂದೆ.

ಅವರು ಅಕ್ಕಿಯ ಚೀಲವನ್ನು ಕೆಳಗಿಳಿಸಿ, ಕಟ್ಟೆಯ ಮೇಲೆ ಕುಳಿತರು. ಎಪ್ಪತ್ತು ದಾಟಿದರೂ ಕುತೂಹಲ ನನ್ನನ್ನು ಬಿಟ್ಟಿರಲಿಲ್ಲ. “ಈಗ ಹೇಳಬಹುದಲ್ಲ. ಆ ಹುಡುಗಿ ಯಾರು?” ಎಂದೆ.

ಮೇಷ್ಟ್ರು ನನ್ನ ಮುಖವನ್ನು ಪ್ರೀತಿಯಿಂದ ನೋಡಿದರು. “ನೀವು ದೊಡ್ಡೋರು. ನಿಮಗೂ ಹೇಳಾಕೆ ಆಗಲ್ಲ” ಎಂದರು.

ಅದು ನಮ್ಮ ಕೊನೆಯ ಭೇಟಿ. ಮುಂದಿನ ಯುಗಾದಿಗೆ ಮೊದಲೇ, ಎದೆನೋವಿನಿಂದ ಅವರು ತೀರಿಹೋದರೆಂಬ ಸುದ್ದಿ ಬಂತು. ಆ ಹೆಸರು ಅವರೊಡನೆಯೇ ಹೋಯಿತು.

ಪರೀಕ್ಷೆಯ ದಿನ ನನ್ನ ಮುಂದೆ ತಲೆಬಾಗಿದ ಹುಡುಗಿಯರಲ್ಲಿ ಆಕೆ ಯಾರೆಂದು ನಾನು ಅರಿಯೆ. ಅರಿಯದ ಕಾರಣ ಯಾರ ಮೇಲೂ ಒಂದು ಕಾಳು ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ಅಕ್ಷತೆ ಹಾಕಿದ್ದೆ. ಇಂದೂ ಹಾಗೆಯೇ ಹಾರೈಸುತ್ತೇನೆ. ಆ ಮಕ್ಕಳೆಲ್ಲರೂ ದೀರ್ಘಾಯುಷಿಗಳಾಗಲಿ, ವಿದ್ಯಾವಂತರಾಗಲಿ. ಸೀಟಿ ಊದಿದ ಕಂಡಕ್ಟರಿಗೆ ಒಳ್ಳೆಯದಾಗಲಿ. ತಿಪ್ಪೇಸ್ವಾಮಿಯವರಿಗೆ ಬೆನ್ನುಮೂಳೆಯನ್ನೂ, ಗೌಡರಿಗೆ ನೆಟ್ಟಗೆ ನೋಡುವ ಕಣ್ಣನ್ನೂ ಭಗವಂತನು ಕರುಣಿಸಲಿ. ಹಾಲೇಶಪ್ಪನವರು ಇರುವ ಲೋಕದಲ್ಲಿ ಅವರ ಕೈಗಳಿಗೆ ಯಾರೂ ಹೊರಲು ಏನನ್ನೂ ಕೊಡದಿರಲಿ.