ಕತ್ತಿನಲ್ಲಿ ಉಳಿದ ಪಟ್ಟಿ

ದರ್ಜಿಯವರು ಕಪ್ಪು ಬಟ್ಟೆ ಮುಟ್ಟುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಸೋರಿಯಾಸಿಸ್‌ನಿಂದ ಮೈಯೆಲ್ಲ ಬಿಳಿ ಹೊಪ್ಪಳೆ. ಬಗ್ಗಿ ಹೊಲಿಯುವಾಗ ಹುಡಿ ಉದುರುತ್ತಿತ್ತು. ಕಪ್ಪಿನ ಮೇಲೆ ಅದು ಕಣ್ಣಿಗೆ ರಾಚುತ್ತಿತ್ತು. ಆದರೆ ಅಕ್ಕನ ಮಗಳು ವಕೀಲೆಯಾದವಳೇ ಅಂಗಡಿಗೆ ಬಂದಳು. "ಮಾವ, ನನ್ನ ಕರೀ ಕೋಟು ನೀನೇ ಹೊಲೀಬೇಕು. ಬೇರೆಯವರ ಕೈಗೆ ಕೊಡಲ್ಲ" ಎಂದು ಬಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಟೇಬಿಟ್ಟಳು.

ಆ ಕೋಟಿಗಾಗಿಯೇ ಅವರು ಆಸ್ಪತ್ರೆಯ ಬೆಳಕಿನ ಚಿಕಿತ್ಸೆಗೆ ಒಪ್ಪಿದರು. ಬೀರುವಿನಂಥ ಪೆಟ್ಟಿಗೆ, ಒಳಗೆ ಸುತ್ತಲೂ ನೀಲಿ ದೀಪಗಳು. ಪರದೆಯ ಹಿಂದೆ ಬಟ್ಟೆ ಕಳಚಿ, ಕಪ್ಪು ಕನ್ನಡಕ ಹಾಕಿಕೊಂಡು ಅದರೊಳಗೆ ನಿಲ್ಲಬೇಕು. ಡಾಕ್ಟರಮ್ಮ ಮೊದಲು ರಕ್ತ ತೆಗೆಸಿದರು.

"ಚರ್ಮದ ಕಾಯಿಲೆಗೆ ರಕ್ತ ಯಾಕಮ್ಮಾ?"

"ಮೈ ಕಾಯಬೇಕಾದ ಕಣಗಳೇ ಮೈಮೇಲೆ ಜಗಳಕ್ಕೆ ನಿಂತಿವೆ. ಅವು ಒಂದಕ್ಕೊಂದು ಕಳಿಸೋ ಸುದ್ದಿ ರಕ್ತದಲ್ಲಿ ಸಿಗುತ್ತೆ. ಬೆಳಕಿನಿಂದ ಅದೂ ತಗ್ಗುತ್ತಾ ಅಂತ ನೋಡ್ತಿದೀವಿ."

"ಅಂದ್ರೆ ಹೊರಗಡೆ ಇಸ್ತ್ರಿ, ಒಳಗಡೆ ಅಸ್ತರಿನ ತಪಾಸಣೆ!"

ವಾರಗಳು ಕಳೆದಂತೆ ಬೆನ್ನು, ಮೊಣಕೈ ತಿಳಿಯಾದವು. ಕತ್ತಿನ ಹಿಂದೆ ಮಾತ್ರ ಒಂದು ಪಟ್ಟಿ ಹಾಗೆಯೇ ಉಳಿಯಿತು. ಬಗ್ಗಿದರೆ ಹುಡಿ ಬೀಳುವುದು ಅಲ್ಲಿಂದಲೇ. ದರ್ಜಿಯವರು ಕಂಗಾಲಾದರು. ಎರಡನೆಯ ಸಲದ ರಕ್ತದಲ್ಲಿ ಉರಿಯೂತದ ಗುರುತುಗಳು ಚೆನ್ನಾಗಿಯೇ ತಗ್ಗಿದ್ದವು. ಕತ್ತಿಗೇಕೆ ಈ ಹಟ? ಡಾಕ್ಟರಮ್ಮನಿಗೂ ತಿಳಿಯಲಿಲ್ಲ.

ಒಂದು ದಿನ ದೀಪ ಕೆಟ್ಟಿತೆಂದು ನರ್ಸಮ್ಮ ಪೆಟ್ಟಿಗೆಯ ಬಾಗಿಲು ತೆರೆದಳು. ಚಡ್ಡಿಯಲ್ಲಿ ನಿಂತಿದ್ದವರ ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು!

"ಏನಣ್ಣಾ, ದೀಪಕ್ಕೂ ಅಂಗಿ ಹೊಲೀತೀರಾ?"

ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ ಕೂಡಲೇ ಟೇಪನ್ನು ಮರಳಿ ಕತ್ತಿಗೆ ಏರಿಸುವುದು ಅವರ ಕೈಗೆ ಅಂಟಿದ ಅಭ್ಯಾಸ. ಅದು ಅಲ್ಲಿದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ.

ಡಾಕ್ಟರಮ್ಮ ನಕ್ಕು ಸುಸ್ತಾದರು. "ರಕ್ತ ತಣ್ಣಗಾದ್ರೂ ಬೆಳಕು ಬೀಳದ ಜಾಗ ವಾಸಿಯಾಗ್ಲಿಲ್ಲ ನೋಡಿ. ನಮಗೂ ಒಂದು ಪಾಠ. ಆದ್ರೆ ಕಾಯಿಲೆ ಪೂರ್ತಿ ಹೋಯ್ತು ಅಂದ್ಕೋಬೇಡಿ. ಮತ್ತೆ ಬರಬಹುದು."

ಅಂದಿನಿಂದ ಟೇಪು ನರ್ಸಮ್ಮನ ವಶದಲ್ಲಿರುತ್ತಿತ್ತು. ನಿಧಾನವಾಗಿ ಕತ್ತೂ ತಿಳಿಯಾಯಿತು. ದರ್ಜಿಯವರು ಕಪ್ಪು ಬಟ್ಟೆಗೆ ಕತ್ತರಿಯಿಟ್ಟರು.

ಅಕ್ಕನ ಮಗಳು ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲಿಯೂ ಒಂದು ಬಿಳಿ ಚುಕ್ಕೆಯಿರಲಿಲ್ಲ. ಆಮೇಲೆ ಒಳಮಗ್ಗುಲು ತಿರುವಿದಳು.

"ಹೊಲಿಗೆ ಒಳಗೆ ಇಷ್ಟೊಂದು ಬಟ್ಟೆ ಬಿಟ್ಟಿದೀಯಲ್ಲ ಮಾವ, ನಾನು ದಪ್ಪ ಆಗ್ತೀನಿ ಅಂತಾನಾ?"

"ನೀನು ದಪ್ಪ ಆಗೋ ಹೊತ್ತಿಗೆ ನನ್ನ ಕಾಯಿಲೆ ತಿರುಗಿ ಬಂದಿದ್ರೆ? ಆಗ ಬಿಚ್ಚಿ ಹೊಲಿಯೋನು ಬೇರೆಯವನು ಕಣೇ. ಅವನಿಗೆ ಕಷ್ಟ ಆಗ್ಬಾರ್ದು."